ಕೈಗೆಟುಕದ ತೊಟ್ಟಿ

ನಮ್ಮೂರಿನಲ್ಲಿ ಪಿಕಪ್ ಕೊಳ್ಳಲು ಬಂದವರು ಬಾನೆಟ್ಟು ಎತ್ತಿಸಿ ಎಂಜಿನ್ ನೋಡುವುದಿಲ್ಲ. ಮೈಲೇಜು ಎಷ್ಟು ಎಂದು ಕೇಳುವುದೂ ಕಡಿಮೆ. ಬರುವಾಗ ಹೆಂಡತಿಯನ್ನೋ ಅತ್ತಿಗೆಯನ್ನೋ ಜೊತೆಗೆ ಕರೆತಂದಿರುತ್ತಾರೆ. ಅವರನ್ನು ಗಾಡಿಯ ಹಿಂದೆ ನಿಲ್ಲಿಸಿ, “ಎಲ್ಲಿ, ಕೈ ಎತ್ತು ನೋಡೂಣು” ಎನ್ನುತ್ತಾರೆ. ಕೈ ಹಿಂದಿನ, ಸಾಮಾನು ಹೇರುವ ತೊಟ್ಟಿಯ ಅಂಚಿಗೆ ಸಲೀಸಾಗಿ ಎಟುಕಿದರೆ ಗಿರಾಕಿಯ ಮುಖ ಸಪ್ಪಗಾಗುತ್ತದೆ. ತುದಿಗಾಲಲ್ಲಿ ನಿಂತರೂ ಎಟುಕದಿದ್ದರೆ ಒಳಗೊಳಗೇ ಹಿಗ್ಗುತ್ತಾನೆ. ಅಲ್ಲಿಗೆ ವ್ಯಾಪಾರ ಕುದುರಿತು ಅಂತಲೇ ಲೆಕ್ಕ. ಷೋರೂಮಿನಲ್ಲಿ ಗಾಡಿ ಮಾರುವುದು ನನ್ನ ಕೆಲಸ. ಇಷ್ಟು ಕಾಲ ಮಾರಿದರೂ ಈ ಜನ ಏನು ಬಯಸಿ ಬರುತ್ತಾರೆ ಎಂಬುದು ನನ್ನ ತಲೆಗೆ ಹೋಗಿಲ್ಲ. ತೊಟ್ಟಿ ಬೇಡವಾದರೆ ಕಾರು ಕೊಳ್ಳಬಹುದಲ್ಲ? ಕಾರು ಅಂದರೆ ಮೂಗು ಮುರಿಯುತ್ತಾರೆ. ತೊಟ್ಟಿ ಇರಲೇಬೇಕು, ಆದರೆ ಅದರೊಳಗೆ ಯಾರೂ ಏನೂ ಹಾಕುವಂತಿರಬಾರದು!

ಹೊರಗಿನವರು ಕೇಳಿದರೆ ನಗಬಹುದು, ನಮಗೆ ಇದು ನಗುವ ಮಾತಲ್ಲ. ನಮ್ಮೂರಿನ ಬೀದಿಯಲ್ಲಿ ನಿಂತ ಪಿಕಪ್ಪಿನ ತೊಟ್ಟಿಗೆ ಯಾರು ಏನನ್ನು ಕೈಯಾರೆ ಎತ್ತಿ ಹಾಕಿದರೂ ಗಾಡಿಯ ಯಜಮಾನ ಅದನ್ನು ಹೇಳಿದ ಜಾಗಕ್ಕೆ ಮುಟ್ಟಿಸಬೇಕು. ಏನು ಎಂದು ಕೇಳುವಂತಿಲ್ಲ, ಯಾಕೆ ಎಂದು ಕೇಳುವಂತಿಲ್ಲ. ‘ಎಲ್ಲಿಗೆ?’ ಎಂಬ ಒಂದೇ ಮಾತು. ಅದನ್ನೂ ಹೊರೆ ತೊಟ್ಟಿಯೊಳಗೆ ಬಿದ್ದ ಮೇಲೆಯೇ ಕೇಳಬೇಕು. ಇನ್ನೂ ನೆಲದ ಮೇಲಿರುವ ಸಾಮಾನನ್ನು ತೋರಿಸಿ ಎಲ್ಲಿಗೆ ಎಂದು ಕೇಳುವುದು, ಮಂದಿಯ ಮನೆಯೊಳಗೆ ನುಗ್ಗಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದಷ್ಟು ಹೇಸಿಗೆಯ ಕೆಲಸ. ಮುಟ್ಟಿಸಿ ಬಂದ ಮೇಲೆ ಎಲ್ಲಿಗೆ ಮುಟ್ಟಿಸಿದೆ ಎಂದು ಯಾರ ಮುಂದೆಯೂ ಬಾಯಿ ಬಿಡುವಂತಿಲ್ಲ.

ಮುಟ್ಟಿಸದೆ ತಪ್ಪಿಸಿಕೊಳ್ಳೋಣ ಎಂದರೆ ಗಾಡಿ ಕೇಳುವುದಿಲ್ಲ. ಹೊರೆ ಇಳಿಯುವ ತನಕ ಅದು ಮನೆಯ ದಾರಿ ಹಿಡಿಯುವುದಿಲ್ಲ. ಗದಿಗೆಪ್ಪ ಮಾಸ್ತರರ ತೊಟ್ಟಿಗೆ ಒಮ್ಮೆ ಅವರ ನಾದಿನಿ ಬೀಸುವ ಕಲ್ಲು ಹಾಕಿ ತನ್ನ ತವರಿಗೆ ಅಂದಳು. ಮಾಸ್ತರರಿಗೆ ಆ ಮನೆಯವರೊಂದಿಗೆ ಮಾತುಕತೆ ಇರಲಿಲ್ಲ. ಸ್ಟಿಯರಿಂಗ್ ತಿರುಗಿಸಿ ಮನೆಗೆ ಹೊರಟರು. ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಕೊನೆಗೆ ಬಂದು ನಿಂತಿದ್ದು ಆ ತವರಿನ ಬಾಗಿಲಿಗೇ. ಡೀಸೆಲ್ ಮುಗಿದು, ಕೊನೆಗೆ ಅವರ ಮನೆಯಲ್ಲೇ ಉಪ್ಪಿಟ್ಟು ತಿಂದು, ರಾಜಿಯಾಗಿ ಬಂದರು. ಇದರಲ್ಲಿ ವಿಶೇಷವೇನೂ ಇಲ್ಲ, ಎಲ್ಲರ ಮನೆಯಲ್ಲೂ ಇಂಥದ್ದೊಂದು ಕತೆ ಇದೆ.

ಷೋರೂಮಿನ ಯಜಮಾನರು ರಾಚೋಟೆಪ್ಪ ಸಾವಕಾರರು. ದಪ್ಪ ಮೈ, ಸಣ್ಣ ದನಿ. ಅಮೆರಿಕದ ಗಾಡಿ ಕಂಪನಿಯೊಂದು ಕಳಿಸುವ ಬಣ್ಣದ ಪುಸ್ತಕ ಬಂತೆಂದರೆ ನಮ್ಮನ್ನೆಲ್ಲ ಕೂರಿಸಿ ಚಹಾ ತರಿಸಿ ಗಟ್ಟಿಯಾಗಿ ಓದುತ್ತಿದ್ದರು. ಅಮೆರಿಕದ ಮಂದಿ ಈ ವರ್ಷ ಎಂಥ ಪಿಕಪ್ ಕೊಂಡರು ಎಂಬುದೇ ಅದರ ಸಾರ. ಒಂದು ಕಾಲಕ್ಕೆ ಆ ದೇಶದಲ್ಲಿ ಹುಲ್ಲು, ಹಲಗೆ, ದನದ ಮೇವು ಸಾಗಿಸುವವರು ಮಾತ್ರ ಪಿಕಪ್ ಇಡುತ್ತಿದ್ದರಂತೆ. ಮುಂದೆ ಒಂದು ಸೀಟು, ಹಿಂದೆ ಮಾರುದ್ದ ತೊಟ್ಟಿ. ಆಮೇಲೆ ಆಫೀಸಿಗೆ ಹೋಗುವವರೂ ಅದನ್ನೇ ಕೊಳ್ಳತೊಡಗಿದರು. ಸೀಟು ಎರಡು ಸಾಲಾಯಿತು, ಬಾಗಿಲು ನಾಲ್ಕಾದವು, ಮೂತಿ ಎತ್ತರಕ್ಕೆ ಬೆಳೆಯಿತು, ತೊಟ್ಟಿಯ ಉದ್ದ ಕಡಿಮೆಯಾಗಿ ಅದು ನೆಲದಿಂದ ಮೇಲೇರಿತು. ಈಗ ಬಹಳ ಜನ ಅದರಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು, ಅಂಗಡಿಯಿಂದ ಹಾಲು ಬ್ರೆಡ್ಡು ತರುತ್ತಾರಂತೆ. ವರ್ಷಕ್ಕೊಮ್ಮೆಯೂ ತೊಟ್ಟಿಯಲ್ಲಿ ಏನೂ ಹೇರದವರೂ ಇದ್ದಾರಂತೆ. ಆದರೂ ಕೊಳ್ಳುವುದು ಪಿಕಪ್ಪೇ, ಅದೂ ಹಿಂದಿನದಕ್ಕಿಂತ ದೊಡ್ಡದು.

“ನೋಡ್ರಿ, ಅವರಲ್ಲೂ ನಮ್ಮ ಪದ್ಧತೀನ ಐತಿ,” ಎಂದರು ಸಾವಕಾರರು ಪುಸ್ತಕ ಮಡಚಿ. “ಇಲ್ಲಾಂದ್ರ ಇಷ್ಟು ದೊಡ್ಡ ಗಾಡಿ ತಗೊಂಡು ತೊಟ್ಟಿ ಯಾಕ ಎತ್ತರ ಮಾಡ್ತಾರ? ಮಂದಿ ಸಾಮಾನು ಹಾಕಬಾರದು ಅಂತ.”

“ಪುಸ್ತಕದಾಗ ಹಂಗಂತ ಬರದಿಲ್ಲಲ್ರಿ,” ಎಂದೆ ನಾನು.

“ಯಾರರ ಬರೀತಾರೇನೋ ಬಂಡೆಪ್ಪಾ? ಮರ್ಯಾದಿ ಪ್ರಶ್ನಿ. ಅಮೆರಿಕದೋರಿಗೂ ಬೀಗರು ನೆಂಟರು ಇರ್ತಾರ.”

ಆ ಮಾತು ಊರೆಲ್ಲ ಹಬ್ಬಿತು. ಅಮೆರಿಕದವರೇ ತೊಟ್ಟಿ ಎತ್ತರಿಸಿಕೊಂಡ ಮೇಲೆ ನಮಗೇನು ನಾಚಿಕೆ ಎಂದು ಜನ ಧೈರ್ಯವಾಗಿ ಬಂದರು. ಹಳೆಯ ತಗ್ಗು ಗಾಡಿಗಳನ್ನು ತಂದು ಕೊಟ್ಟು ಎತ್ತರದವನ್ನು ಒಯ್ದರು. ತೊಟ್ಟಿಗೆ ಮುಚ್ಚಳ ಬೇಕು ಎಂದರು, ಮುಚ್ಚಳಕ್ಕೆ ಕೀಲಿ ಬೇಕು ಎಂದರು. ನಾನು ತಂದುಕೊಟ್ಟೆ. ಕೈ ಎಟುಕದ ಗಾಡಿ ಬೇಕಾದರೆ ಬಂಡೆಪ್ಪನನ್ನು ಕೇಳಿ ಎಂದು ಊರಲ್ಲಿ ಹೆಸರಾಯಿತು. ಅಮೆರಿಕದವರು ಯಾಕೆ ಹಾಗೆ ಮಾಡುತ್ತಾರೆ ಎಂಬುದು ಮಾತ್ರ ನನಗೆ ಬಗೆಹರಿಯಲೇ ಇಲ್ಲ. ಅಲ್ಲಿನವರೂ ನಮ್ಮಂತೆ ಕಾರು ಅಂದರೆ ಮೂಗು ಮುರಿಯುತ್ತಾರೋ ಏನೋ. ನನಗೆ ನಮ್ಮೂರಿನವರೇ ಅರ್ಥವಾಗದಿರುವಾಗ ಅವರ ಗೊಡವೆ ಯಾಕೆ ಎಂದು ಸುಮ್ಮನಾದೆ.

ಹಬ್ಬಕ್ಕೆ ಮುಂಚೆ ಸಾವಕಾರರು ಷೋರೂಮಿಗೆ ಬಂದ ಗಾಡಿಗಳಲ್ಲೆಲ್ಲ ಎತ್ತರದ ಗಾಡಿಯನ್ನು ನನಗೆ ಓಡಿಸಲು ಕೊಟ್ಟರು. ಜಾಹೀರಾತು ಆದಂತಾಯಿತು ಎಂಬುದು ಅವರ ಲೆಕ್ಕ. ಅದು ನಮ್ಮ ಓಣಿಗೆ ಬಂದಾಗ ಮಂದಿ ಮನೆಗಳಿಂದ ಹೊರಗೆ ಬಂದು ನಿಂತರು. ಬಾಗಿಲು ನಾಲ್ಕು, ಒಳಗೆ ಸೋಫಾದಂಥ ಸೀಟು, ತೊಟ್ಟಿ ಮಾತ್ರ ಮಗುವಿನ ತೊಟ್ಟಿಲಿನಷ್ಟು, ಅದೂ ಆಕಾಶಕ್ಕೆ. ನನ್ನ ಹೆಂಡತಿ ದಾಕ್ಷಾಯಿಣಿ ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ಗಿಡ್ಡ. “ಕೈ ಎತ್ತು ನೋಡೂಣು ದಾಕ್ಷಿ,” ಎಂದೆ, ಓಣಿಯವರೆಲ್ಲ ಕೇಳುವಂತೆ.

ಅವಳು ಕೈ ಎತ್ತಲಿಲ್ಲ. “ಇದರಾಗ ಏನು ಹಾಕೂದ್ರಿ?” ಎಂದಳು.

“ಏನೂ ಹಾಕಬಾರದು. ಅದಕ್ಕ ಇದು.”

ಎಲ್ಲರೂ ನಕ್ಕರು. ಅವಳೂ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ರೊಟ್ಟಿ ಆರ್ತಾವ, ಬರ್ರಿ” ಎಂದು ಒಳಗೆ ಹೋದಳು.

ಅದಾದ ಕೆಲವು ದಿನಕ್ಕೆ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಪಡಸಾಲೆಯ ಬಾಗಿಲ ಪಕ್ಕ ಅವಳ ಕಬ್ಬಿಣದ ಪೆಟ್ಟಿಗೆ ಇತ್ತು. ಮದುವೆಯಲ್ಲಿ ತವರಿನಿಂದ ತಂದದ್ದು, ನೀಲಿ ಬಣ್ಣ, ಮೇಲೆ ಗಿಳಿಯ ಚಿತ್ರ. ಅಟ್ಟದ ಮೇಲಿದ್ದುದನ್ನು ಇಳಿಸಿ, ಧೂಳು ಒರೆಸಿ, ಕೀಲಿ ಹಾಕಿ ಇಟ್ಟಿದ್ದಳು. ತುಂಬಿದ ಪೆಟ್ಟಿಗೆ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು. ಬಾಗಿಲ ಪಕ್ಕ ಕೀಲಿ ಹಾಕಿ ಇಟ್ಟ ಪೆಟ್ಟಿಗೆ ಅಂದರೆ ನಮ್ಮೂರಿನಲ್ಲಿ ಒಂದೇ ಅರ್ಥ. ಅದು ಹೋಗುವ ಪೆಟ್ಟಿಗೆ.

ಎಲ್ಲಿಗೆ ಎಂದು ಕೇಳಬೇಕೆಂದು ಬಾಯಿಯ ತನಕ ಬಂತು. ಆದರೆ ಪೆಟ್ಟಿಗೆ ಇನ್ನೂ ನೆಲದ ಮೇಲಿತ್ತು. ನೆಲದ ಮೇಲಿನ ಹೊರೆಯನ್ನು ಕೇಳುವುದುಂಟೇ? ನಾನು ಹುಟ್ಟಿದಾಗಿನಿಂದ ಕಲಿತ ಮರ್ಯಾದೆ ಅದು. ತಂದೆ ಸತ್ತಾಗಲೂ ಅಜ್ಜಿ ಏನೇನೋ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಳು, ನಾವು ಯಾರೂ ಕೇಳಿರಲಿಲ್ಲ. ಸುಮ್ಮನೆ ಚಪ್ಪಲಿ ಮೆಟ್ಟಿ ಹೊರಟೆ. “ಸಂಜಿಗೆ ಬದನಿಕಾಯಿ ತರ್ರಿ” ಎಂದಳು ಒಳಗಿನಿಂದ. ಹೋಗುವವಳು ಸಂಜೆಗೆ ಬದನೆಕಾಯಿ ತರಿಸುತ್ತಾಳೆಯೇ? ಬದನೆಕಾಯಿ ತರಿಸಿದ ಮಾತ್ರಕ್ಕೆ ಇರುವವಳೆಂದು ನಂಬುವುದೇ? ದಾರಿಯುದ್ದಕ್ಕೂ ಇದೇ ಯೋಚನೆ. ಆ ದಿನ ಬಂದ ಗಿರಾಕಿಗೆ ಹಾರ್ನ್ ಎಲ್ಲಿದೆ ಎಂದು ತೋರಿಸಲು ಹೋಗಿ ವೈಪರ್ ಹಾಕಿದೆ.

ಸಾವಕಾರರ ಮುಂದೆ ಹೇಳಿಕೊಂಡೆ. ಅವರು ಕಿಸಕ್ಕನೆ ನಕ್ಕರು. “ಹೆದರೂದೇನು ಐತಿ ಅದರಾಗ? ನಿನ್ನ ಗಾಡಿ ತೊಟ್ಟಿಗೆ ಆಕಿ ಕೈ ಎಟುಕೂದಿಲ್ಲ. ಓಣ್ಯಾಗ ಉಳದ ಗಾಡಿ ಎಲ್ಲಾ ನೀನ ಮಾರಿದ್ದು, ಅವಕ್ಕೂ ಎಟುಕೂದಿಲ್ಲ. ಪೆಟಿಗಿ ಹೆಂಗ ಹೋಗತೈತಿ?”

ಹೌದಲ್ಲ ಎನಿಸಿತು. ನಿಜ ಹೇಳಬೇಕೆಂದರೆ ಆ ಕ್ಷಣ ಖುಷಿಯೇ ಆಯಿತು. ಮನೆಗೆ ಬರುವಾಗ ಓಣಿಯುದ್ದಕ್ಕೂ ನಿಂತ ಎತ್ತರದ ಗಾಡಿಗಳನ್ನು ಕಾವಲುಗಾರರನ್ನು ನೋಡಿದಂತೆ ನೋಡುತ್ತ ಬಂದೆ. ಬದನೆಕಾಯಿ ಕೊಟ್ಟೆ. ಅವಳು ಎಣ್ಣೆಗಾಯಿ ಮಾಡಿದಳು, ಬಹಳ ಚೆನ್ನಾಗಿತ್ತು. ಪೆಟ್ಟಿಗೆ ಅಲ್ಲೇ ಇತ್ತು.

ಮರುದಿನವೂ ಅಲ್ಲೇ ಇತ್ತು, ಅದರ ಮರುದಿನವೂ. ನಾವು ಪೆಟ್ಟಿಗೆಯನ್ನು ಬಿಟ್ಟು ಎಲ್ಲವನ್ನೂ ಮಾತಾಡಿದೆವು. ಪಕ್ಕದ ಮನೆಯವರ ಹೊಸ ನಲ್ಲಿ, ಗದಿಗೆಪ್ಪ ಮಾಸ್ತರರ ಮಂಡಿನೋವು, ಹುಣಸೆ ಹಣ್ಣಿನ ತುಟ್ಟಿ ಬೆಲೆ. ಅವಳು ಆಗಾಗ ಮಾತು ನಿಲ್ಲಿಸಿ ನನ್ನನ್ನು ನೋಡುತ್ತಿದ್ದಳು. ಏನೋ ಕಾಯುತ್ತಿರುವಂತೆ ಕಾಣುತ್ತಿತ್ತು. ಏನು ಎಂದು ನನಗೆ ತಿಳಿಯಲಿಲ್ಲ. ನಾನೂ ಅವಳನ್ನು ನೋಡಿ ನಕ್ಕು ಇನ್ನೊಂದು ರೊಟ್ಟಿ ಕೇಳುತ್ತಿದ್ದೆ. ಒಂದು ದಿನ ಮರೆತು ಆ ಪೆಟ್ಟಿಗೆಯ ಮೇಲೆ ಕೂತು ಬೂಟಿನ ಲೇಸು ಕಟ್ಟತೊಡಗಿದೆ. “ಏಳ್ರಿ ಮ್ಯಾಲೆ!” ಎಂದಳು. ಅಷ್ಟು ಜೋರಾಗಿ ಅವಳು ಎಂದೂ ಮಾತಾಡಿದವಳಲ್ಲ. ಕಣ್ಣಲ್ಲಿ ನೀರಿತ್ತು. ಪೆಟ್ಟಿಗೆಗೆ ಏನಾದರೂ ಆಯಿತೇ ಎಂದು ಬಗ್ಗಿ ನೋಡಿದೆ. ಏನೂ ಆಗಿರಲಿಲ್ಲ.

ಆ ಸಂಜೆ ಬಂದಾಗ ಬಾಗಿಲಿಗೆ ಚಿಲಕ ಹಾಕಿತ್ತು. ಪಡಸಾಲೆಯಲ್ಲಿ ಪೆಟ್ಟಿಗೆ ಇರಲಿಲ್ಲ. ಒಲೆಯ ಪಕ್ಕ ಅನ್ನ, ಸಾರು, ಮೇಲೆ ತಟ್ಟೆ ಮುಚ್ಚಿತ್ತು. ದಾಕ್ಷಿ ಇರಲಿಲ್ಲ. ತವರಿಗೆ ಹೋದಳೆನ್ನಲು ಅಲ್ಲಿ ಈಗ ಯಾರೂ ಇಲ್ಲ. ನಾನು ಅನ್ನ ಬಡಿಸಿಕೊಂಡು ಕೂತೆ. ಕಣ್ಣು ಕಣ್ಣು ಬಿಡುತ್ತ ಗೋಡೆ ನೋಡಿದೆ. ಇಷ್ಟು ಎತ್ತರದ ಗಾಡಿಗಳ ನಡುವಿಂದ ಅದು ಹೇಗೆ ಹೋಯಿತು?

ನೆರೆಯವರನ್ನು ಕೇಳುವಂತಿಲ್ಲ, ಅವರು ಹೇಳುವಂತೆಯೂ ಇಲ್ಲ. ಯೋಚಿಸಿದಷ್ಟೂ ಉಳಿದದ್ದು ಒಂದೇ ಗಾಡಿ, ಫಕೀರವ್ವನದು. ಊರಿಗೆಲ್ಲ ಅವಳೊಬ್ಬಳೇ ಇನ್ನೂ ತಗ್ಗು ತೊಟ್ಟಿಯ ಹಳೆಯ ಪಿಕಪ್ ಇಟ್ಟುಕೊಂಡವಳು. ಗಂಡ ಸತ್ತ ಮೇಲೆ ಅವನ ಗಾಡಿಯನ್ನು ತಾನೇ ಓಡಿಸುತ್ತಾಳೆ. ಮೊಣಕಾಲೆತ್ತರದ ತೊಟ್ಟಿ, ತುಕ್ಕು ಹಿಡಿದ ಅಂಚು, ಮುಂದೆ ಉದ್ದನೆಯ ಒಂದೇ ಸೀಟು. ಬೇರೆ ಯಾರ ತೊಟ್ಟಿಗೂ ಕೈ ಎಟುಕದಾದ ಮೇಲೆ ಊರಿನ ಹೊರೆಯೆಲ್ಲ ಅವಳ ತೊಟ್ಟಿಗೇ ಬೀಳುತ್ತಿತ್ತು. ಅವಳಿಗೆ ಗಾಡಿ ಮಾರಲು ನಾನು ಬಹಳ ಸಲ ಹೋಗಿದ್ದೆ, ಪ್ರತಿ ಸಲವೂ ಎಲೆ ಅಡಿಕೆ ಕೊಟ್ಟು ಕಳಿಸಿದ್ದಳು.

ಮಾರ್ಕೆಟ್ಟಿನ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಅವಳು ಕೂತಿದ್ದಳು. ಸುತ್ತು ಬಳಸಿ ಮಾತಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

“ಫಕೀರವ್ವಾ, ನನ್ನ ಹೆಂಡ್ತಿ ಪೆಟಿಗಿ ಎಲ್ಲಿ ಇಳಿತು?”

ಅವಳು ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿದಳು. “ಯಾರ ಪೆಟಿಗಿ? ಯಾವ ಪೆಟಿಗಿ? ನಾ ಏನೂ ನೋಡಿಲ್ಲಪ್ಪಾ.”

“ಕೈ ಮುಗೀತೀನಿ.”

“ಕಾಲ ಬಿದ್ರೂ ಅಷ್ಟ. ಇವತ್ತು ನಿನಗ ಹೇಳಿದ್ರ ನಾಳಿಗೆ ನನ್ನ ತೊಟ್ಟ್ಯಾಗ ಯಾರು ಏನು ಹಾಕ್ತಾರ? ಹೆಣ್ಣಮಕ್ಕಳು ಬಾಯಿಬಿಟ್ಟು ಹೇಳಲಾರದ್ದೆಲ್ಲಾ ಇದರಾಗ ಹೋಗತೈತಿ.” ಸೆರಗಿನಿಂದ ಬಾಯಿ ಒರೆಸಿಕೊಂಡು ಮೆತ್ತಗೆ, “ಆರಾಮ ಅದಾಳ. ಅಷ್ಟ ಹೇಳ್ತೀನಿ. ಅದನ್ನೂ ಹೇಳಬಾರದಿತ್ತು,” ಎಂದಳು.

ಸಾವಕಾರರು ಫಕೀರವ್ವನಿಗೆ ಹೊಸ ಗಾಡಿ ತೋರಿಸು, ಮೆತ್ತಗಾಗುತ್ತಾಳೆ ಎಂದರು. ಅವಳು ಮೆತ್ತಗಾಗುವವಳಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಎತ್ತರದ ಗಾಡಿ ಹತ್ತಿ ಊರೆಲ್ಲ ಸುತ್ತಿದೆ. ಅಷ್ಟು ಎತ್ತರದಿಂದ ಎಲ್ಲ ಕಾಣುತ್ತದೆ ಎಂದು ಗಿರಾಕಿಗಳಿಗೆ ನಾನೇ ಹೇಳುತ್ತಿದ್ದೆ. ಛಾವಣಿಗಳು ಕಂಡವು, ತಂತಿಯ ಮೇಲಿನ ಕಾಗೆಗಳು ಕಂಡವು, ಬೀದಿಯಲ್ಲಿ ನಡೆಯುವ ಹೆಂಗಸರ ತಲೆಯ ಮೇಲಿನ ಸೆರಗು ಕಂಡಿತು. ಯಾವ ಸೆರಗಿನ ಕೆಳಗೆ ಯಾರ ಮುಖವಿದೆ ಎಂದು ಗೊತ್ತಾಗಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ. ಮನೆಯಲ್ಲಿ ಅವಳಿಲ್ಲ ಎಂಬುದಷ್ಟೇ ಸ್ಪಷ್ಟವಿತ್ತು, ಅದನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ.

ಉಪಾಯ ಹೊಳೆದದ್ದು ಮುಖ ತೊಳೆಯುವಾಗ. ಫಕೀರವ್ವ ಹೇಳುವಂತಿಲ್ಲ, ಸರಿ. ಆದರೆ ಒಯ್ಯುವುದಿಲ್ಲ ಎನ್ನುವಂತೆಯೂ ಇಲ್ಲವಲ್ಲ! ಮುಖದ ಮೇಲೆ ಸೋಪು ಇದ್ದ ಹಾಗೆಯೇ ಓಡಬೇಕೆನಿಸಿತು. ತೊಳೆದುಕೊಂಡೇ ಹೋದೆ. ಬೇವಿನ ಮರದ ಕೆಳಗೆ ಗಾಡಿ ನಿಂತಿತ್ತು, ಮಾರ್ಕೆಟ್ಟಿಗೆ ಜನ ಬಂದಿದ್ದರು. ನಾನು ಯಾರನ್ನೂ ನೋಡದೆ ಒಂದು ಕಾಲೆತ್ತಿ ಅವಳ ತೊಟ್ಟಿಯೊಳಗೆ ಇಟ್ಟೆ, ಇನ್ನೊಂದು ಕಾಲನ್ನೂ ಎಳೆದುಕೊಂಡು ಕೂತುಬಿಟ್ಟೆ.

“ಏಯ್, ಏನು ಮಾಡಾಕತ್ತಿ?” ಎಂದು ಫಕೀರವ್ವ ಎದ್ದು ಬಂದಳು. “ಎಲ್ಲಿಗರ ಹೋಗೂದಿದ್ರ ಮುಂದ ಬಂದು ಕೂಡ್ರು.”

ಮುಂದೆ ಕೂತವನು ಅತಿಥಿ. ಅವನನ್ನು ದಾರಿಯಲ್ಲಿ ಇಳಿಸಬಹುದು, ಆಗುವುದಿಲ್ಲ ಎನ್ನಬಹುದು. ಹಿಂದೆ ಕೂತವನು ಹೊರೆ. ಕರುವಾಗಲಿ ಕಾಯಿಲೆಯವರಾಗಲಿ ಹಿಂದೆ ಬಂದರೆ ಹೊರೆಯೇ. ಊರಿಗೆಲ್ಲ ಎತ್ತರದ ಸೀಟುಗಳನ್ನು ಮಾರಿದ ನಾನು ಮಂದಿಯ ಎದುರು ಹೊರೆಯಾಗಿ ಕೂತಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾದವು. “ಇಲ್ಲೇ ಕೂಡ್ರತೀನಿ,” ಎಂದೆ.

ಅವಳಿಗೆ ಅರ್ಥವಾಯಿತು. ಸೊಂಟದ ಮೇಲೆ ಕೈ ಇಟ್ಟು ನನ್ನನ್ನು ತಿನ್ನುವಂತೆ ನೋಡಿದಳು. ಆದರೆ ಕೇಳಲೇಬೇಕಿತ್ತು. ಹಲ್ಲು ಕಚ್ಚಿ ಕೇಳಿದಳು. “ಎಲ್ಲಿಗೆ?”

“ದಾಕ್ಷಾಯಿಣಿ ಪೆಟಿಗಿ ಇಳಿದಲ್ಲಿಗೆ.”

“ಹಾಳಾಗಿ ಹೋಗು,” ಎಂದು ಬೈದು ಫಕೀರವ್ವ ಗಾಡಿ ಚಾಲೂ ಮಾಡಿದಳು.

ತೊಟ್ಟಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತರೆ ಊರು ಬರುವುದು ಕಾಣುವುದಿಲ್ಲ, ಹೋಗುವುದು ಕಾಣುತ್ತದೆ. ಪ್ರತಿ ತಗ್ಗಿಗೂ ಬೆನ್ನುಮೂಳೆ ಅಲುಗಿತು. ನನ್ನ ಗಿರಾಕಿಗಳು ನನ್ನನ್ನು ಕಂಡು ತಕ್ಷಣ ಬೇರೆ ಕಡೆ ತಿರುಗಿದರು, ಹೊರೆಯನ್ನು ದಿಟ್ಟಿಸಬಾರದು ಎಂಬ ಮರ್ಯಾದೆಗೆ. ಗದಿಗೆಪ್ಪ ಮಾಸ್ತರರು ಮಾತ್ರ ತಡೆಯಲಾರದೆ ಓರೆಗಣ್ಣಿಂದ ನೋಡಿ ಕಂಬಕ್ಕೆ ಡಿಕ್ಕಿ ಹೊಡೆದರು. ಸಾಲು ಮನೆಗಳ ಮುಂದೆ ಗಾಡಿ ನಿಂತಾಗ ಒಬ್ಬ ಹೆಂಗಸು ಬಂದು ನನ್ನ ಕಾಲ ಬಳಿ ಹೊಲಿಗೆ ಯಂತ್ರವೊಂದನ್ನು ಎತ್ತಿಟ್ಟು, ಫಕೀರವ್ವನ ಕಿವಿಯಲ್ಲಿ ಏನೋ ಹೇಳಿ ಹೋದಳು. ಹೋಗುವಾಗ ಆ ಯಂತ್ರದ ಮೇಲೆ ಕೈಯಾಡಿಸಿದಳು. ಅದು ಎಲ್ಲಿಗೆ, ಯಾಕೆ ಎಂದು ನನಗೆ ಕೇಳಬೇಕೆನಿಸಿತು. ಇನ್ನೊಬ್ಬರ ಹೊರೆಯ ಬಗ್ಗೆ ಹಾಗೆ ಅನಿಸಿದ್ದು ಅದೇ ಮೊದಲು. ಮುಂದಿನ ತಿರುವಿನಲ್ಲಿ ಒಬ್ಬ ಮುದುಕ ಅದನ್ನು ಇಳಿಸಿಕೊಂಡ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇಟ್ಟಿಗೆ ಭಟ್ಟಿಗಳನ್ನು ದಾಟಿದೆವು. ಆ ಕಡೆ ನಾನು ಎಂದೂ ಹೋದವನಲ್ಲ, ಅಲ್ಲಿ ಗಾಡಿ ಕೊಳ್ಳುವವರಿಲ್ಲ. ಮಣ್ಣು ರಸ್ತೆ ಮುಗಿದು ಗಾಡಿ ನಿಂತಾಗ ನಾನು ತಿರುಗಿ ನೋಡಿದೆ. ನೋಡಿ ಏನು ಎಂದು ತಿಳಿಯದೆ ಮತ್ತೊಮ್ಮೆ ನೋಡಿದೆ. ಬಯಲಿನುದ್ದಕ್ಕೂ ಪಿಕಪ್ಪುಗಳ ಹಳೆಯ ತೊಟ್ಟಿಗಳು, ಬರೀ ತೊಟ್ಟಿಗಳು, ಮುಂದಿನ ಭಾಗವೇ ಇಲ್ಲ. ನನ್ನ ಗಿರಾಕಿಗಳು ಬೇಡವೆಂದು ಬಿಟ್ಟುಹೋದ, ನಾವು ಗುಜರಿಗೆ ಹಾಕಿದ ಆ ಉದ್ದ ತೊಟ್ಟಿಗಳೇ. ಅವುಗಳ ತುಂಬ ಮಣ್ಣು. ಮಣ್ಣಿನಲ್ಲಿ ಮೆಂತ್ಯ, ರಾಜಗಿರಿ, ಮೂಲಂಗಿ, ಒಂದರಲ್ಲಿ ಬದನೆ ಗಿಡಗಳು ಹೂ ಬಿಟ್ಟಿದ್ದವು. ಹೆಂಗಸರು ಅವುಗಳ ನಡುವೆ ಕೊಡ ಹಿಡಿದು ಓಡಾಡುತ್ತಿದ್ದರು. ಆ ಕಡೆಯ ತುದಿಯಲ್ಲಿ ದಾಕ್ಷಿ ಒಂದು ಖಾಲಿ ತೊಟ್ಟಿಯ ಅಂಚಿನ ಮೇಲೆ ಕೂತು ಬುಟ್ಟಿಯ ಮಣ್ಣಿನಿಂದ ಕಲ್ಲು ಆರಿಸುತ್ತಿದ್ದಳು. ನೀಲಿ ಪೆಟ್ಟಿಗೆ ಪಕ್ಕದಲ್ಲೇ ಇತ್ತು, ಮುಚ್ಚಳ ತೆರೆದಿತ್ತು. ಸೀರೆಗಳ ಮೇಲೆ ಬೀಜದ ಪೊಟ್ಟಣಗಳು.

ಅವಳು ನನ್ನನ್ನು ಕಂಡು ಎದ್ದು ಬಂದಳು. ಓಡಿ ಬರಲಿಲ್ಲ, ನಿಧಾನವಾಗಿಯೂ ಅಲ್ಲ. ಗಾಡಿಯ ಹಿಂದೆ ನಿಂತಳು. ಆ ತಗ್ಗು ತೊಟ್ಟಿಯಲ್ಲಿ ಕೂತಿದ್ದರಿಂದ ಅವಳ ಮುಖ ನನ್ನ ಮುಖಕ್ಕಿಂತ ಮೇಲಿತ್ತು. ಅವಳನ್ನು ಕತ್ತೆತ್ತಿ ನೋಡುವುದು ನನಗೆ ಹೊಸದು.

“ಯಾಕ ಬಂದ್ರಿ?” ಎಂದಳು. ಹೊರೆ ಇಳಿಸಿಕೊಳ್ಳುವವರು ಏನು ಬೇಕಾದರೂ ಕೇಳಬಹುದು.

“ಗೊತ್ತಿಲ್ಲ,” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಹೇಳಬೇಕೆಂದು ದಾರಿಯಲ್ಲಿ ಕಟ್ಟಿಕೊಂಡ ಮಾತೆಲ್ಲ ಆ ತಗ್ಗುಗಳಲ್ಲಿ ಉದುರಿಹೋಗಿತ್ತು. “ನೀ ಯಾಕ ಹೋದಿ ಅಂತ ಕೇಳಾಕ ಬಂದೆ.”

“ಈಗ ಕೇಳಾಕತ್ತೀರಿ. ಪೆಟಿಗಿ ಬಾಗಲದಾಗ ಇದ್ದಾಗ ಯಾಕ ಕೇಳಲಿಲ್ಲ?”

“ಹೆಂಗ ಕೇಳಲಿ? ನೆಲದ ಮ್ಯಾಲಿತ್ತಲ್ಲ. ತೊಟ್ಟ್ಯಾಗ ಇರಲಿಲ್ಲ.”

ಅವಳು ಕಣ್ಣು ಮುಚ್ಚಿಕೊಂಡಳು. ಕಲ್ಲು ಆರಿಸುತ್ತಿದ್ದ ಕೈ ಮುಷ್ಟಿ ಕಟ್ಟಿತ್ತು. “ಫಕೀರವ್ವ ಮೊದಲನೇ ದಿನಾನ ನಮ್ಮ ಬಾಗಲ ಮುಂದ ಹಾದು ಹೋದಳು. ಪೆಟಿಗಿ ಹಾಕೂದ ಇದ್ರ ಆವತ್ತ ಹಾಕ್ತಿದ್ದೆ. ನೀವು ಒಂದು ಮಾತು ಕೇಳ್ತೀರಿ, ಕೇಳಿದ್ರ ಹೇಳೂಣು ಅಂತ ದಿನಾ ಅಲ್ಲೇ ಇಟ್ಟಿದ್ದೆ. ಇಲ್ಲಿ ಒಂದು ತೊಟ್ಟಿ ಹಿಡದೀನಿ, ಬೆಳಿಗ್ಗಿ ಇಲ್ಲಿ ಬಂದು ಸಂಜಿಗೆ ಮನಿಗೆ ಬರ್ತೀನಿ, ನೀವೂ ಬರ್ರಿ, ಮಣ್ಣು ಹಾಕಾಕ ಒಬ್ಬಾಕಿಗೆ ಆಗೂದಿಲ್ಲ ಅಂತ ಹೇಳೂದಿತ್ತು. ನೀವು ಅದರ ಮ್ಯಾಲೆ ಕೂತು ಬೂಟು ಕಟ್ಟಿಕೊಂಡ್ರಿ.”

“ಮರ್ಯಾದಿ ಅಲ್ಲ ದಾಕ್ಷಿ, ನೆಲದ ಮ್ಯಾಲಿನ ಹೊರಿ ಕೇಳೂದು...”

“ನಾ ಹೊರಿ ಏನ್ರಿ?” ಎಂದಳು. ಅವಳ ದನಿ ಒಡೆಯಿತು. “ನಾ ನಿಮ್ಮ ಹೆಂಡ್ತಿ.”

ಪದ್ಧತಿ ತೊಟ್ಟಿಗೆ ಇತ್ತು, ಮನೆಗೆ ಇರಲಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ವಾದ ಮಾಡಬೇಕೆನಿಸಿತು. ಹೇಳಿಕೊಡುವ ವಿಷಯವೇ ಅಲ್ಲ ಎಂದೂ ಅನಿಸಿತು. ಅಳು ಬಂತು. ಆ ಹೆಂಗಸರ ಮುಂದೆಯೇ ಅತ್ತೆ.

ಫಕೀರವ್ವ ಮುಂದಿನಿಂದ ಹಾರ್ನ್ ಒತ್ತಿದಳು. “ತಂಗೀ, ಇಳಿಸಿಕೊಳ್ತೀಯೋ ಇಲ್ಲೋ? ಇದನ್ನ ಹೊತಗೊಂಡು ನಾ ಮನಿಗೆ ಹೋಗಾಕ ಆಗೂದಿಲ್ಲ.”

ದಾಕ್ಷಿ ಮೂಗು ಒರೆಸಿಕೊಂಡಳು. “ಇಳಿಸಿದ್ರ ಇಲ್ಲೇ ಇರಬೇಕಾಗತೈತಿ. ಇಳಿಸಿಕೊಂಡ ಹೊರಿ ತಿರುಗಿ ಹೋಗೂದಿಲ್ಲ. ಪೆಟಿಗಿ ಜೋಡಿ ತೊಟ್ಟ್ಯಾಗ ಕೂತು ಬಂದು ನಾನೂ ಹಂಗ ಇಳದೀನಿ, ಆ ಮನಿಗೆ ಇನ್ನ ಬರಾಂಗಿಲ್ಲ. ಇಳಿಸಿಕೊಳ್ಳಲಾರದ ಹೊರಿ ಹಾಕಿದವರ ಬಾಗಲಿಗೇ ತಿರುಗಿ ಹೋಗತೈತಿ, ಫಕೀರವ್ವ ನಿಮ್ಮನ್ನ ಒಯ್ದು ನಿಮ್ಮ ಮನಿ ಮುಂದ ಬಿಡ್ತಾಳ. ನಿಮ್ಮ ಗಾಡಿ ಐತಿ, ಷೋರೂಮು ಐತಿ.”

ಸಾವಕಾರರ ಮುಖ, ನಾಲ್ಕು ಬಾಗಿಲು, ಸೋಫಾದಂಥ ಸೀಟು, ಎಲ್ಲ ಒಮ್ಮೆ ಕಣ್ಣ ಮುಂದೆ ಬಂದವು. ಇಲ್ಲಿ ನಾನು ಮಾಡುವುದೇನು? ಬಿತ್ತುವುದೂ ಕಳೆ ಕೀಳುವುದೂ ತಿಳಿಯದವನು ನಾನು. ಮಲಗುವುದು ಎಲ್ಲಿ? ಉಣ್ಣುವುದು ಏನು?

“ನಿನಗ ಏನು ಬೇಕು?” ಎಂದು ಕೇಳಿದೆ. ಬಾಯಿಂದ ತಾನಾಗಿ ಬಂತು.

ತೊಟ್ಟಿಯ ಬಾಗಿಲಿನ ಚಿಲಕಕ್ಕೆ ಕೈ ಹಾಕಿದಳು. ತುಕ್ಕು ಹಿಡಿದು ಬಿಗಿಯಾಗಿತ್ತು. ಒಂದು ಕಲ್ಲಿನಿಂದ ಬಡಿದಳು, ಧಡಾರನೆ ಬಾಗಿಲು ಕೆಳಗೆ ಬಿತ್ತು. ಹೊರೆ ತಾನಾಗಿ ಇಳಿಯುವಂತಿಲ್ಲವಲ್ಲ, ನಾನು ಕೂತೇ ಇದ್ದೆ. ಅವಳು ನನ್ನ ಎರಡೂ ತೋಳುಗಳ ಕೆಳಗೆ ಕೈ ಹಾಕಿ ಎಳೆದಳು. ನಾನು ಭಾರ. “ಬರ್ರೆವ್ವಾ, ಹಿಡೀರಿ” ಎಂದು ಕೂಗಿದಳು. ಕೊಡ ಇಟ್ಟು ಹೆಂಗಸರು ಓಡಿ ಬಂದು, ಒಬ್ಬಳು ಕಾಲು, ಒಬ್ಬಳು ಸೊಂಟ ಹಿಡಿದು, “ಯಪ್ಪಾ, ಇದೇನು ಸಿಮೆಂಟು ಚೀಲೇನು” ಎಂದು ನಗುತ್ತ ನನ್ನನ್ನು ಮಣ್ಣಿನ ಮೇಲೆ ಇಳಿಸಿದರು. ದಾಕ್ಷಿ ನಗಲಿಲ್ಲ. ಆದರೆ ಇಳಿಸಿದ ಮೇಲೂ ತೋಳು ಬಿಟ್ಟಿರಲಿಲ್ಲ.

ಫಕೀರವ್ವ ಗಾಡಿ ತಿರುಗಿಸಿ ಮನೆಯ ದಾರಿ ಹಿಡಿದಳು. ದಾಕ್ಷಿ ತನ್ನ ಖಾಲಿ ತೊಟ್ಟಿಯ ಕಡೆ ನಡೆದಳು, ನಾನು ಹಿಂದೆ ಹೋದೆ. ಅವಳು ಮಣ್ಣು ತೋಡಿದಳು, ನಾನು ಬುಟ್ಟಿ ಹಿಡಿದೆ. ಈ ಮಣ್ಣು ಯಾಕೆ ಕೆಂಪು ಎಂದು ಕೇಳಿದೆ, ಹೇಳಿದಳು. ಆ ಪೊಟ್ಟಣದಲ್ಲಿ ಯಾವ ಬೀಜ ಎಂದು ಕೇಳಿದೆ, ಹೇಳಿದಳು. ಎತ್ತರದ ಗಾಡಿ ತಂದ ದಿನ ಕೈ ಎತ್ತು ಎಂದಾಗ ಯಾಕೆ ಎತ್ತಲಿಲ್ಲ ಎಂದು ಕೇಳಿದೆ. ಬುಟ್ಟಿಗೆ ಮಣ್ಣು ಸುರಿಯುತ್ತ ಅದಕ್ಕೂ ಬಹಳ ಹೊತ್ತು 	ಹೇಳಿದಳು. ಅರ್ಧ ನನಗೆ ತಿಳಿಯಲಿಲ್ಲ. ಮತ್ತೆ ಕೇಳಿದೆ.